ಜಾನ್ ಹರ್ಟ್ ಎಲ್ಲೂ ಕಾಣೆಯಾಗಿರಲಿಲ್ಲ

ಮೊನ್ನೆ ರಾತ್ರಿ ಗೆಳೆಯನೊಬ್ಬ ವಾಟ್ಸಾಪಿನಲ್ಲಿ ಒಂದು ಹಳೇ ಕಪ್ಪು-ಬಿಳುಪು ವಿಡಿಯೊ ಕಳಿಸಿದ್ದ. ತಲೆ ಮೇಲೊಂದು ಹ್ಯಾಟು, ತೊಡೆ ಮೇಲೆ ಗಿಟಾರು, ಸುಕ್ಕು ಬಿದ್ದ ಮುಖದಲ್ಲಿ ಯಾರದೋ ಗುಟ್ಟು ಗೊತ್ತಿದ್ದೂ ಬಾಯಿ ಬಿಡದವರ ನಗು. ಮಿಸಿಸಿಪ್ಪಿ ಜಾನ್ ಹರ್ಟ್, ಬ್ಲೂಸ್ ಎಂಬ ಅಮೆರಿಕದ ಕರಿಯರ ಹಾಡಿನ ಪರಂಪರೆಯವರು. ಕೆಳಗೆ ಒಂದು ಸಾಲು: '35 ವರ್ಷ ಕಾಣೆಯಾಗಿದ್ದ ಬ್ಲೂಸ್ ಗಾಯಕ!' ವಿಡಿಯೊ ನನಗೆ ಹೊಸದಲ್ಲ. ಆದರೆ ಆ 'ಕಾಣೆಯಾಗಿದ್ದ' ಅನ್ನುವ ಪದ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಅಡಿಕೆ ಚೂರಿನ ಹಾಗೆ ಕಾಡಿತು. ಬೆಳಿಗ್ಗೆ ಎದ್ದವನೇ ಅವನಿಗೆ ಫೋನ್ ಮಾಡಿ ಮುಕ್ಕಾಲು ಗಂಟೆ ತಲೆ ತಿಂದೆ. ಅಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಸಮಾಧಾನವಾಗಿ ಬರೆಯುತ್ತಿದ್ದೇನೆ.

ಹರ್ಟ್ ಹುಟ್ಟಿದ್ದು 1892ರಲ್ಲೋ 1893ರಲ್ಲೋ, ದಾಖಲೆಗಳು ಒಂದೊಂದು ಒಂದೊಂದು ಹೇಳುತ್ತವೆ. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಹೋಗಿ ಮೂವತ್ತು ವರ್ಷವೂ ಆಗಿರಲಿಲ್ಲ. ಬೆಳೆದದ್ದು ಮಿಸಿಸಿಪ್ಪಿ ರಾಜ್ಯದ ಕ್ಯಾರಲ್ ಕೌಂಟಿಯ ಆವಲಾನ್ ಎಂಬ ಪುಟ್ಟ ಊರಿನಲ್ಲಿ. ಡೆಲ್ಟಾದ ಹತ್ತಿ ಬಯಲು ಮುಗಿದು ಗುಡ್ಡ ಶುರುವಾಗುವ ಜಾಗ ಅದು. ಪಕ್ಕದಲ್ಲಿದ್ದ ಹೆಣ್ಣೊಬ್ಬಳನ್ನು ಒಲಿಸಿಕೊಳ್ಳಲು ಬರುತ್ತಿದ್ದ, ಅಮ್ಮನ ಪರಿಚಯದ ಗಂಡಸೊಬ್ಬ ಇವರ ಮನೆಯಲ್ಲಿ ಉಳಿದುಕೊಳ್ಳುತ್ತಿದ್ದ. ಅವನ ಹತ್ತಿರ ಒಂದು ಗಿಟಾರ್ ಇತ್ತು. ಒಂಬತ್ತು ವರ್ಷದ ಹುಡುಗ ಅದನ್ನು ಕದ್ದುಮುಚ್ಚಿ ನುಡಿಸಿ ನುಡಿಸಿ ಕಲಿತ. ಕಲಿತ ಮೇಲೆ ಅಮ್ಮ ಒಂದೂವರೆ ಡಾಲರ್ ಕೊಟ್ಟು ಒಂದು ಸೆಕೆಂಡ್ ಹ್ಯಾಂಡ್ ಗಿಟಾರ್ ತಂದುಕೊಟ್ಟಳು. ಅಷ್ಟು ಚೆಂದದ ನಾದ ಇನ್ಯಾವ ಗಿಟಾರಿಗೂ ಇಲ್ಲ ಅಂತ ಮುದುಕನಾದ ಮೇಲೂ ಹೇಳುತ್ತಿದ್ದರು.

ಇಲ್ಲೊಂದು ಊಹೆ, ಪೂರ್ತಿ ನನ್ನದೇ. ಯಾರಿಗಾದರೂ ಕೇಳಿಸೀತು ಅನ್ನುವ ಭಯದಲ್ಲಿ ಕಲಿತ ಕೈ ಅದು. ಹರ್ಟ್ ತಂತಿಯನ್ನು ಎಳೆಯುವುದಿಲ್ಲ, ಹೊಡೆಯುವುದಿಲ್ಲ. ತೊಟ್ಟಿಲಲ್ಲಿ ಮಗು ಮಲಗಿರುವ ಕೋಣೆಯಲ್ಲಿ ಓಡಾಡುವವರ ಹಾಗೆ ಮುಟ್ಟುತ್ತಾರೆ.

ಆದರೆ ಮೆತ್ತಗಿದೆ ಅಂದರೆ ಸುಲಭ ಅಂತಲ್ಲ. ನಲವತ್ತು ದಾಟಿದ ಮೇಲೆ ಗಿಟಾರ್ ಕಲಿಯುವ ಹುಚ್ಚು ಹಿಡಿಸಿಕೊಂಡವನು ನಾನು, ಅನುಭವದಿಂದ ಹೇಳುತ್ತೇನೆ. ಉಂಗುರಬೆರಳು, ಕಿರುಬೆರಳು ಎರಡನ್ನೂ ಗಿಟಾರಿನ ಹಲಗೆ ಮೇಲೆ ಊರಿಟ್ಟು, ಉಳಿದ ಮೂರರಲ್ಲಿ ಕೆಲಸ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದು ಬಿಟ್ಟು ಒಂದು, ಒಂದು ಬಿಟ್ಟು ಒಂದು, ಗಡಿಯಾರದ ಲೋಲಕದಂತೆ ಆಡುತ್ತಲೇ ಇರಬೇಕು. ಅದಕ್ಕೆ ಬಿಡುವಿಲ್ಲ. ತೋರುಬೆರಳು ಮತ್ತು ನಡುಬೆರಳು ಸಣ್ಣ ತಂತಿಗಳ ಮೇಲೆ ಹಾಡಿನ ಧಾಟಿ ನುಡಿಸಬೇಕು, ಅದೂ ಹೆಬ್ಬೆರಳಿನ ಪೆಟ್ಟಿನ ಜೊತೆಗಲ್ಲ, ಎರಡು ಪೆಟ್ಟುಗಳ ನಡುವಿನ ಸಂದಿನಲ್ಲಿ. ನನ್ನ ತೋರುಬೆರಳಿಗೆ ಹೆಬ್ಬೆರಳನ್ನು ಬಿಟ್ಟಿರಲು ಆಗುವುದೇ ಇಲ್ಲ, ಹೊಸದಾಗಿ ಮದುವೆಯಾದವರ ಹಾಗೆ ಎಲ್ಲಿಗೆ ಹೋದರೂ ಜೊತೆಯಲ್ಲೇ. ಮೂರು ತಿಂಗಳು ಮನೆಯವರೆಲ್ಲ ಬರೀ ಡುಂ-ಡಕ್ ಡುಂ-ಡಕ್ ಕೇಳಿದರು. ನಾಲ್ಕನೇ ತಿಂಗಳಲ್ಲಿ ಒಂದು ಸಂಜೆ, ಗಮನ ಎಲ್ಲೋ ಇದ್ದಾಗ, ಎರಡೂ ಬೇರೆಬೇರೆಯಾಗಿ ನಡೆದವು. ಎಂಟು ಸೆಕೆಂಡು ಇರಬಹುದು. ಅಡುಗೆಮನೆಯಿಂದ 'ಯಾರ್ರೀ ಅದು, ಮೊಬೈಲಾ?' ಅಂತ ಕೇಳಿಸಿತು. ನನ್ನ ಸಂಗೀತ ಜೀವನದಲ್ಲಿ ಸಿಕ್ಕ ಏಕೈಕ ಪ್ರಶಸ್ತಿ ಅದು.

ಹರ್ಟ್ ಹೊಟ್ಟೆಪಾಡಿಗೆ ಮಾಡಿದ್ದು ಬೇಸಾಯ. ನಮ್ಮ ಕಡೆ ವಾರಕ್ಕೆ ಮಾಡೋದು ಅಂತೀವಲ್ಲ, ಆ ಥರದ್ದೇ. ಜಮೀನು ಧಣಿಯದ್ದು, ಬೀಜ-ಗೊಬ್ಬರ ಉದ್ದರಿ, ಸುಗ್ಗಿಯಾದ ಮೇಲೆ ಲೆಕ್ಕ. ಲೆಕ್ಕದ ಪುಸ್ತಕ ಧಣಿಯ ಕೈಯಲ್ಲಿ. ಕರಿಯ ಒಕ್ಕಲು ವರ್ಷವಿಡೀ ಹತ್ತಿ ಬಿಡಿಸಿ ಕೊನೆಗೆ ಸಾಲದಲ್ಲೇ ನಿಲ್ಲುವಂತೆ ನೋಡಿಕೊಳ್ಳುವ ಏರ್ಪಾಡು. ನಡುವೆ ಕೆಲವು ತಿಂಗಳು ರೈಲ್ವೆ ಹಳಿ ಕೆಲಸಕ್ಕೂ ಹೋಗಿದ್ದರು. ಶನಿವಾರ ರಾತ್ರಿ ಊರಿನ ಕುಣಿತಗಳಲ್ಲಿ ಗಿಟಾರ್. ಕುಣಿಯುವವರಿಗೆ ತಾಳ ತಪ್ಪಬಾರದು. ಆ ಹೆಬ್ಬೆರಳು ಪಳಗಿದ್ದು ಅಲ್ಲಿ. ವಿಲ್ಲಿ ನಾರ್ಮೂರ್ ಎಂಬ ಬಿಳಿಯ ಪಿಟೀಲುವಾದಕನ ಜೋಡಿ ಗಿಟಾರಿನವನು ಸಿಗದಿದ್ದಾಗ ಹರ್ಟ್ ಹೋಗಿ ನುಡಿಸಿದ್ದೂ ಉಂಟು. ಮುಂದೆ ನಾರ್ಮೂರ್‌ಗೆ ಓಕೆ ರೆಕಾರ್ಡ್ಸ್ ಕಂಪನಿಯಲ್ಲಿ ಅವಕಾಶ ಸಿಕ್ಕಿದಾಗ, 'ನಮ್ಮೂರಲ್ಲಿ ಒಬ್ಬ ಇದ್ದಾನೆ, ಕೇಳಿ' ಎಂದು ಶಿಫಾರಸು ಮಾಡಿದ್ದು ಅವನೇ.

1928ರ ಫೆಬ್ರವರಿಯಲ್ಲಿ ಮೆಂಫಿಸ್‌ಗೆ ಕರೆಸಿಕೊಂಡರು. ದೊಡ್ಡ ಹಾಲು, ಒಳಗೆ ಮೂರೇ ಜನ: ಕಂಪನಿಯವನು, ಯಂತ್ರದವನು, ಇವರು. ಕುರ್ಚಿ ಮೇಲೆ ಕೂರಿಸಿ, ಮೈಕನ್ನು ಬಾಯಿಯ ಹತ್ತಿರಕ್ಕೆ ತಂದಿಟ್ಟು, ಜಾಗ ಸರಿಹೋದ ಮೇಲೆ ತಲೆ ಅಲುಗಾಡಿಸಕೂಡದು ಅಂದರಂತೆ. ಹೆದರಿಕೆಗೆ ಬಿಗಿದ ಕತ್ತು ಎಷ್ಟೋ ದಿನ ನೋಯುತ್ತಿತ್ತು ಅಂತ ಮುಂದೆ ನೆನೆಸಿಕೊಂಡಿದ್ದಾರೆ. ಎಂಟು ಹಾಡು ಹಾಡಿಸಿ ಹೊರಗೆ ಬಿಟ್ಟದ್ದು ಎರಡನ್ನು. ವ್ಯಾಪಾರಕ್ಕೆ ಅನುಕೂಲ ಅಂತ ಹೆಸರಿನ ಮುಂದೆ 'ಮಿಸಿಸಿಪ್ಪಿ' ಅಂಟಿಸಿದವರೂ ಕಂಪನಿಯವರೇ. ಅದೇ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್. ಅಲ್ಲಿ ಹಾಡಿದ್ದರಲ್ಲಿ ಒಂದು 'ಆವಲಾನ್ ಬ್ಲೂಸ್'. ನ್ಯೂಯಾರ್ಕ್ ಚೆನ್ನಾಗೇ ಇದೆ, ಆದರೆ ನಮಗಲ್ಲ, ನನ್ನೂರು ಆವಲಾನ್, ಮನಸ್ಸೆಲ್ಲ ಅಲ್ಲೇ ಅನ್ನುವ ಹಾಡು. ಊರಿಗೆ ಹೋಗಬೇಕು ಅಂತ ಸ್ಟುಡಿಯೊದಲ್ಲೇ ಕೂತು ರೆಕಾರ್ಡು ಮಾಡಿಸಿದ ಪುಣ್ಯಾತ್ಮ!

ಊರಿಗೆ ಹೋದರು. ಮರುವರ್ಷ ಮಹಾ ಆರ್ಥಿಕ ಕುಸಿತ, ರೆಕಾರ್ಡು ಕೊಳ್ಳುವವರಿಲ್ಲ. ಇವರ ರೆಕಾರ್ಡುಗಳು ಮೊದಲೇ ಹೇಳಿಕೊಳ್ಳುವಷ್ಟು ಹೋಗಿರಲಿಲ್ಲ. ಮತ್ತೆ ಯಾರೂ ಕರೆಯಲಿಲ್ಲ.

ಇಲ್ಲಿಂದ 1963ರವರೆಗಿನ ಕಾಲವನ್ನೇ ಎಲ್ಲರೂ 'ಕಾಣೆ' ಅನ್ನುವುದು. ಕಾಣೆಯಾಗಿದ್ದು ಯಾರಿಗೆ? ಹೆಂಡತಿ ಜೆಸ್ಸಿಗೆ ಗೊತ್ತಿತ್ತು. ಊರಿಗೆ ಗೊತ್ತಿತ್ತು. ಧಣಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಒಬ್ಬ ಮನುಷ್ಯ ಒಂದೇ ಊರಲ್ಲಿ ಹೊಲ ಮಾಡಿಕೊಂಡು, ದನ ನೋಡಿಕೊಂಡು, ಕರೆದವರ ಮನೆಯಲ್ಲಿ ಹಾಡಿಕೊಂಡು ಇದ್ದರೆ ಅದಕ್ಕೆ ಬದುಕು ಅನ್ನಬೇಕು. ರೆಕಾರ್ಡು ಕಂಪನಿಯ ಕ್ಯಾಟಲಾಗಿನಲ್ಲಿ ಹೆಸರಿಲ್ಲದ್ದು ಕ್ಯಾಟಲಾಗಿನ ಕೊರತೆ. ಒಂದು ಮಾತು ಮುಚ್ಚಿಟ್ಟರೆ ಮಾತ್ರ ನನ್ನ ವಾದಕ್ಕೆ ಅನುಕೂಲ, ಆದರೂ ಹೇಳಿಬಿಡುತ್ತೇನೆ: 1963ರಲ್ಲಿ ಹುಡುಕಿಕೊಂಡು ಬಂದಾಗ ಅವರ ಮನೆಯಲ್ಲಿ ಗಿಟಾರ್ ಇರಲಿಲ್ಲ. ಎಪ್ಪತ್ತರ ಆ ಮುದುಕನಿಗೆ ಸ್ವಂತಕ್ಕೊಂದು ವಾದ್ಯ ಇಟ್ಟುಕೊಳ್ಳುವ ಗತಿ ಇರಲಿಲ್ಲ. ಹಳ್ಳಿಯ ನೆಮ್ಮದಿ ಅಂತ ಇದನ್ನು ಹೊಗಳುವವರನ್ನು ಕಂಡರೆ, 'ಕಾಣೆ' ಅನ್ನುವವರಿಗಿಂತ ಹೆಚ್ಚು ಸಿಟ್ಟು ಬರುತ್ತದೆ ನನಗೆ.

ಹುಡುಕಾಟದ ಕಥೆ ಎಲ್ಲರಿಗೂ ಇಷ್ಟ, ನನಗೂ. 1952ರಲ್ಲಿ ಹ್ಯಾರಿ ಸ್ಮಿತ್ ಎಂಬ ಸಂಗ್ರಾಹಕ ಹಳೇ ಅಮೆರಿಕನ್ ಜನಪದ ರೆಕಾರ್ಡುಗಳ ಒಂದು ಸಂಕಲನ ತಂದ. 84 ಹಾಡುಗಳಲ್ಲಿ ಎರಡು ಹರ್ಟ್ ಅವರವು. ಪಟ್ಟಣದ ಹುಡುಗರು ಕೇಳಿ ಮರುಳಾದರು, ಹಾಡಿದವರು ಸತ್ತುಹೋಗಿರಬೇಕು ಅಂದುಕೊಂಡರು. ಆಮೇಲೆ ವಾಷಿಂಗ್ಟನ್‌ನ ಸಂಗ್ರಾಹಕ ಡಿಕ್ ಸ್ಪಾಟ್ಸ್‌ವುಡ್ ಮತ್ತು ಅವನ ಗೆಳೆಯ ಟಾಮ್ ಹಾಸ್ಕಿನ್ಸ್ ಕಿವಿಗೆ 'ಆವಲಾನ್ ಬ್ಲೂಸ್' ಬಿತ್ತು. ಹೊಸ ನಕ್ಷೆಗಳಲ್ಲಿ ಆವಲಾನ್ ಇಲ್ಲ. ಹತ್ತೊಂಬತ್ತನೇ ಶತಮಾನದ ಒಂದು ಅಟ್ಲಾಸಿನಲ್ಲಿ, ಗ್ರೀನ್‌ವುಡ್ ಮತ್ತು ಗ್ರೆನಾಡಾ ನಡುವೆ, ಚುಕ್ಕಿಯೊಂದು ಸಿಕ್ಕಿತು. ಹಾಸ್ಕಿನ್ಸ್ ಹೋಗಿ ಊರಿನ ಅಂಗಡಿಯಲ್ಲಿ ಕೇಳಿದ. ಅಲ್ಲಿದ್ದವರು ದಾರಿ ತೋರಿಸಿದರು, ಅಷ್ಟೇ. ಮೂವತ್ತೈದು ವರ್ಷದ ಹಿಂದೆಯೇ 'ನನ್ನೂರು ಆವಲಾನ್' ಅಂತ ವಿಳಾಸ ಹಾಡಿ ಕೊಟ್ಟಿದ್ದ ಮನುಷ್ಯನನ್ನು ಪತ್ತೆ ಹಚ್ಚಿದೆವು ಅನ್ನುವುದು ಸ್ವಲ್ಪ ಜಾಸ್ತಿಯಾಯಿತು ಅಲ್ಲವೇ?

ಬಂದವನನ್ನು ಕಂಡು ಹರ್ಟ್ ಹೆದರಿದರು, ಎಫ್‌ಬಿಐನವನೋ ಏನೋ ಅಂದುಕೊಂಡರು. ಈ ಭಾಗವನ್ನು ಸಾಮಾನ್ಯವಾಗಿ ತಮಾಷೆಗೆ ಹೇಳುತ್ತಾರೆ. ಅದು ಯಾವ ವರ್ಷ ನೋಡಿ. ಆವಲಾನ್‌ನಿಂದ ಹೆಚ್ಚು ದೂರವಿಲ್ಲದ ಗ್ರೀನ್‌ವುಡ್‌ನಲ್ಲಿ ಕರಿಯರನ್ನು ಮತದಾರರ ಪಟ್ಟಿಗೆ ಸೇರಿಸಲು ಹೋರಾಟ ನಡೆಯುತ್ತಿತ್ತು. ಅದಕ್ಕೆ ಸೇಡು ಎಂಬಂತೆ ಅಲ್ಲಿನ ಕೌಂಟಿ ಆಡಳಿತ 1962ರ ಚಳಿಗಾಲಕ್ಕೆ ಮೊದಲೇ ಬಡವರಿಗೆ ಹಂಚುತ್ತಿದ್ದ ದಿನಸಿ ನಿಲ್ಲಿಸಿತ್ತು. 1963ರ ಫೆಬ್ರವರಿ 28ರ ರಾತ್ರಿ ಗ್ರೀನ್‌ವುಡ್ ಹೊರಗೆ ಜಿಮ್ಮಿ ಟ್ರಾವಿಸ್ ಎಂಬ ಕಾರ್ಯಕರ್ತ ಓಡಿಸುತ್ತಿದ್ದ ಕಾರಿನ ಮೇಲೆ ಗುಂಡು ಹಾರಿಸಿದರು. ಜೂನ್‌ನಲ್ಲಿ ಜಾಕ್ಸನ್ ನಗರದಲ್ಲಿ ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಮೆಡ್ಗರ್ ಎವರ್ಸ್ ಅವರನ್ನು ಅವರ ಮನೆಯ ಮುಂದೆಯೇ ಕೊಂದರು. ಅಂಥ ವರ್ಷ, ಗುರುತಿಲ್ಲದ ಬಿಳಿಯನೊಬ್ಬ ಬಾಗಿಲಿಗೆ ಬಂದು 'ನೀನೇನಾ ಜಾನ್ ಹರ್ಟ್? ನನ್ನ ಜೊತೆ ವಾಷಿಂಗ್ಟನ್‌ಗೆ ಬಾ' ಅಂದರೆ ಯಾರಿಗೆ ತಾನೇ ನಗು ಬರುತ್ತದೆ?

ಹೋದರು. ಅದೇ ಜುಲೈನಲ್ಲಿ ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಸಾವಿರಾರು ಜನರ ಮುಂದೆ ಕೂತು, ಜಗುಲಿಯಲ್ಲಿ ಕೂತವರ ಹಾಗೆಯೇ ಹಾಡಿದರು. ಲೈಬ್ರರಿ ಆಫ್ ಕಾಂಗ್ರೆಸ್ ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡಿತು. ಜಾನಿ ಕಾರ್ಸನ್‌ನ ಟಿವಿ ಕಾರ್ಯಕ್ರಮ, ಕಾಲೇಜುಗಳು, ಕಾಫಿ ಹೌಸ್‌ಗಳು. ಹಾಡಿನ ಹಕ್ಕು ಯಾರದ್ದು, ಹಣದಲ್ಲಿ ಯಾರ ಪಾಲೆಷ್ಟು ಅನ್ನುವ ಜಗಳ ಅವರು ಹೋದ ಮೇಲೆ ಕೋರ್ಟು ಹತ್ತಿತು. ಅದು ಹೊಸ ಕಥೆಯೇನಲ್ಲ, ಬಿಡಿ.

ಬ್ಲೂಸ್ ಅಂದರೆ ಸಂಕಟ, ಗಂಟಲು ಹರಿದುಕೊಂಡು ಕೂಗುವುದು ಅಂತ ನಾನೂ ನಂಬಿದ್ದೆ. 1964ರಲ್ಲಿ ಹೀಗೇ ಹುಡುಕಿ ಕರೆತಂದ ಸ್ಕಿಪ್ ಜೇಮ್ಸ್ ಕೇಳಿದರೆ ಮೈ ಜುಮ್ಮೆನ್ನುತ್ತದೆ, ಸನ್ ಹೌಸ್ ಕೇಳಿದರೆ ಎದೆ ನಡುಗುತ್ತದೆ. ಹರ್ಟ್ ಹಾಗಲ್ಲ. 'ಕಾಫಿ ಬ್ಲೂಸ್' ಅಂತೊಂದು ಹಾಡಿದೆ: ಬೇಕಾದ್ದು ಒಂದೇ ಚಮಚ, ಪ್ರೀತಿಯ ಒಂದು ಚಮಚ. ಚಮಚ ಅಂದರೆ ಬರೀ ಚಮಚವಲ್ಲ ಅಂತ ಆ ನಗುವೇ ಹೇಳುತ್ತದೆ. ಚರ್ಚಿನ ಹಿರಿಯರ ಹಾಗಿರುವ ಅಜ್ಜ ಎಂಥ ಪೋಲಿ! ಲವಿಂಗ್ ಸ್ಪೂನ್‌ಫುಲ್ ಎಂಬ ರಾಕ್ ತಂಡ ಹೆಸರಿಟ್ಟುಕೊಂಡದ್ದು ಈ ಹಾಡಿನಿಂದಲೇ. ದುಃಖ ಇವರಲ್ಲಿಲ್ಲ ಅಂತಲ್ಲ. ಅದನ್ನು ಎತ್ತಿ ತೋರಿಸುವುದಿಲ್ಲ, ಅಷ್ಟೇ. 'ಸ್ಪೈಕ್ ಡ್ರೈವರ್ ಬ್ಲೂಸ್' ಕೇಳಿ. ಸುತ್ತಿಗೆ ಹೊಡೆದು ಹೊಡೆದೇ ಸತ್ತ ಜಾನ್ ಹೆನ್ರಿಯ ಪದಗಳು ಅಮೆರಿಕದಲ್ಲಿ ಬೇಕಾದಷ್ಟಿವೆ, ಹೆಚ್ಚಿನವು ಅವನ ಪರಾಕ್ರಮ ಹೊಗಳುತ್ತವೆ. ಹರ್ಟ್ ಹಾಡಿನ ಕೂಲಿ ಹೇಳುವುದೇ ಬೇರೆ: ಅವನನ್ನು ಕೊಂದ ಸುತ್ತಿಗೆ ನನ್ನನ್ನು ಕೊಲ್ಲದು, ತಗೋ, ಮೇಸ್ತ್ರಿಗೆ ಕೊಟ್ಟುಬಿಡು, ನಾನು ಹೊರಟೆ ಅಂತ ಹೇಳು. ಸಿಟ್ಟಿಲ್ಲ, ಘೋಷಣೆಯಿಲ್ಲ. ಹೆಬ್ಬೆರಳು ಮಾತ್ರ ಅದೇ ನಡಿಗೆಯಲ್ಲಿ ನಡೆಯುತ್ತಾ ಹೋಗುತ್ತದೆ.

ಖ್ಯಾತಿ ಸಿಕ್ಕಿ ಮೂರು ವರ್ಷವಾದ ಮೇಲೂ ಹರ್ಟ್ ಮಾಡಿದ್ದು ಅದನ್ನೇ. ಸುತ್ತಿಗೆ ಕೊಟ್ಟು ಹೊರಟರು. ವಾಷಿಂಗ್ಟನ್ ಬಿಟ್ಟು ಮಿಸಿಸಿಪ್ಪಿಗೆ ಮರಳಿ ಗ್ರೆನಾಡಾದಲ್ಲಿ ನೆಲೆಸಿದರು, 1966ರ ನವೆಂಬರ್ 2ರಂದು ಅಲ್ಲೇ ತೀರಿಕೊಂಡರು. ಆವಲಾನ್‌ನ ಅವರ ಹಳೇ ಮನೆಯನ್ನು ಮ್ಯೂಸಿಯಂ ಮಾಡಿದ್ದರು. 2024ರಲ್ಲಿ ಅದೂ ಸುಟ್ಟುಹೋಯಿತು.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ಗೆಳೆಯ, 'ಸರಿ ಮಾರಾಯ, ಕಾಣೆಯಾಗಿರಲಿಲ್ಲ, ಒಪ್ಪಿದೆ. ಯಾವುದರಿಂದ ಶುರು ಮಾಡಲಿ ಹೇಳು' ಅಂದ. ಲೂಯಿಸ್ ಕಾಲಿನ್ಸ್ ಅಂದೆ, 1928ರದ್ದೇ ಆಗಬೇಕು. ಕೊಲೆಯಾದವನೊಬ್ಬನ ಬಗ್ಗೆ ಊರವರು ಆಡಿಕೊಂಡಿದ್ದನ್ನು ಕೇಳಿ ಕಟ್ಟಿದ ಹಾಡು, ಆದರೆ ಜೋಗುಳದ ಹಾಗಿದೆ. ಇಯರ್‌ಫೋನ್ ಹಾಕಿಕೊಳ್ಳಬೇಡ. ಅಡುಗೆಮನೆ ಕಟ್ಟೆ ಮೇಲೆ ಫೋನ್ ಇಟ್ಟು, ದನಿ ಸಣ್ಣಗೆ ಮಾಡಿ, ಹುರುಳಿಕಾಯಿ ಹೆಚ್ಚುತ್ತಾ ಕೇಳು. ಎರಡನೇ ನಿಮಿಷದ ಹೊತ್ತಿಗೆ ಚಾಕು ಆ ಹೆಬ್ಬೆರಳಿನ ತಾಳಕ್ಕೆ ಬಿದ್ದಿರುತ್ತದೆ. ಬೆರಳು ಜೋಪಾನ.