ಉಪ್ಪಿನ ಪೊಟ್ಟಣ

ಗಾಂಧಿ ಬಜಾರಿಗೆ ಹೋಗಿದ್ದು ಕೊಡೆ ರಿಪೇರಿಗೆ. ವಾಪಸ್ ಬಂದಿದ್ದು ಮಗಳಿಗೊಂದು ಚಿತ್ರಪುಸ್ತಕ ಹಿಡಿದುಕೊಂಡು. 32 ಪುಟ. ಇಂಥ ಪುಸ್ತಕಗಳು ಹೆಚ್ಚಾಗಿ ಇಷ್ಟೇ ಇರುತ್ತವೆ. ಒಂದು ದೊಡ್ಡ ಹಾಳೆ ಮಡಚಿದರೆ 16 ಪುಟ, ಅಂಥವು ಎರಡಾದರೆ ಪುಸ್ತಕ. ಹತ್ತು ನಿಮಿಷದಲ್ಲಿ ಓದಿ ಮಲಗಿಸಬಹುದು ಅನ್ನೋದು ನನ್ನ ಲೆಕ್ಕ.

ಮುಖಪುಟ ನೋಡಿ ತಂದಿದ್ದೆ, ಒಳಗೆ ನೋಡಿರಲಿಲ್ಲ. ಒಬ್ಬ ಹುಡುಗನಿಗೆ ಕ್ಲಾಸಿನ ಹುಡುಗಿಯನ್ನು ಕಂಡರೆ ಕಿವಿ ಕೆಂಪಾಗುತ್ತದೆ. ಅಷ್ಟೇ ಕತೆ. ಪುಟ ತಿರುವಿದ ಹಾಗೆ ಕಿವಿ ದೊಡ್ಡದಾಗುತ್ತಾ, ಕೊನೆಗೆ ಎರಡು ಪುಟದ ತುಂಬಾ ಬರೀ ಕಿವಿ.

"ಇದಕ್ಕೆ ಕ್ರಷ್ ಅಂತಾರೆ" ಅಂದಳು ಮಗಳು, ನನಗೇ ಪಾಠ ಮಾಡುವವಳ ಹಾಗೆ.

ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅಪ್ಪ ತಲೆ ಎತ್ತಿದರು. ಅವರಿಗೆ ಗೊತ್ತಿರೋದು ಜಲ್ಲಿ ಕ್ರಷರ್ ಒಂದೇ. "ಎಲ್ಲಿ ಹಾಕ್ತಾರಂತೆ? ಧೂಳು ಜಾಸ್ತಿ ಮಾರಾಯ."

"ಅಪ್ಪಾ, ನಿಂಗೆ ಯಾರ ಮೇಲಿತ್ತು?"

ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು, ಅಲ್ವಾ? ಹೆಂಡತಿ ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದಳು ಬೇರೆ. ಆದರೂ ಬಾಯಿ ಬಿಟ್ಟೆ.

ನಮ್ಮದು ಆಗುಂಬೆ ಕಡೆ. ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಸುರಿಯುವ ಸೀಮೆ. ಶಾಲೆಯ ಕಾಲುದಾರಿ ತುಂಬಾ ಉಂಬಳ, ಅಂದರೆ ರಕ್ತ ಹೀರುವ ಜಿಗಣೆ. ಆ ಹುಡುಗಿಗೆ ಉಂಬಳ ಅಂದರೆ ಪ್ರಾಣಭಯ. ನನಗೆ ಅಷ್ಟು ಸಾಕಾಯಿತು. ದಿನಾ ಒಂದು ಮುಷ್ಟಿ ಕಲ್ಲುಪ್ಪು ಕದ್ದು, ಕಾಗದದಲ್ಲಿ ಪೊಟ್ಟಣ ಕಟ್ಟಿ ಚಡ್ಡಿ ಜೇಬಿಗೆ ಇಳಿಸುತ್ತಿದ್ದೆ. ಉಪ್ಪು ಬಿದ್ದರೆ ಉಂಬಳದ ಮೈನೀರೆಲ್ಲ ಹೊರಬಂದು ಅದು ಕಚ್ಚು ಬಿಡುತ್ತದೆ. ಅವಳು ಕಿರುಚಬೇಕು, ನಾನು ಓಡಿ ಹೋಗಿ ಉಪ್ಪು ಹಾಕಬೇಕು. ಇದು ಪ್ಲಾನು.

ಪುನರ್ವಸು ಮಳೆ ನನ್ನ ಪ್ಲಾನು ಕೇಳಲಿಲ್ಲ. ಕಂಬಳಿಕೊಪ್ಪೆ ತಲೆ, ಬೆನ್ನು ಕಾಯುತ್ತದೆಯೇ ಹೊರತು ಜೇಬನ್ನಲ್ಲ. ಉಪ್ಪು ಕರಗಿ ಬಲತೊಡೆಗೆ ಇಳಿಯಿತು. ನಡೆದೂ ನಡೆದೂ ಚರ್ಮ ಕಿತ್ತು ಉರಿ. ಕಾಲು ಅಗಲಿಸಿಕೊಂಡು ಬಾತುಕೋಳಿ ಹಾಗೆ ಕ್ಲಾಸಿನೊಳಗೆ ಹೋದೆ. ಎಲ್ಲರೂ ನನ್ನ ಕಾಲು ನೋಡಿದರು. ನಾನೂ ನೋಡಿದೆ. ಎಡಗಾಲಿನ ಮೀನಖಂಡದಿಂದ ರಕ್ತ ಇಳಿಯುತ್ತಿತ್ತು. ಉಂಬಳ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅದರ ಎಂಜಲು ರಕ್ತ ಹೆಪ್ಪುಗಟ್ಟಲೂ ಬಿಡುವುದಿಲ್ಲ. ಉಪ್ಪು ಒಂದು ಕಾಲಿಗೆ, ಉಂಬಳ ಇನ್ನೊಂದು ಕಾಲಿಗೆ.

ಅವಳು ಕಿರುಚಿದಳು. ಅಷ್ಟರ ಮಟ್ಟಿಗೆ ಪ್ಲಾನು ಸರಿಯಾಗಿತ್ತು. ಆಮೇಲೆ ವರ್ಷವಿಡೀ ನನ್ನಿಂದ ಮೂರು ಮಾರು ದೂರವೇ ಕೂತಳು.

"ಹೆಸರೇನು?" ಹೆಂಡತಿ ಬಟ್ಟೆಯಿಂದ ಕಣ್ಣೆತ್ತದೆ ಕೇಳಿದಳು.

"ಮರೆತು ಹೋಗಿದೆ."

"ಯಾವ ಮಳೆ ಅನ್ನೋದು ನೆನಪಿದೆ. ಹೆಸರು ಮರೆತಿದೆ."

ಅಪ್ಪನ ಕತ್ತರಿ ನಿಂತಿತ್ತು. "ಭರಣಿ ಉಪ್ಪು ಖಾಲಿ ಮಾಡಿದ್ದು ನೀನಾ? ದನಕ್ಕೆ ಹಾಕ್ತೀನಿ ಅಂತ ನಿಮ್ಮಮ್ಮ ಸುಮ್ನೆ ನನಗೆ ಬೈದಿದ್ದಳು!"

ಮಾರನೇ ದಿನ ಮಗಳ ಬ್ಯಾಗಿಗೆ ಟಿಫಿನ್ ಇಡಲು ಹೋದರೆ ಜ್ಯಾಮಿಟ್ರಿ ಬಾಕ್ಸಿನ ಪಕ್ಕ ಏನೋ ಗಟ್ಟಿಯಾಗಿ ಸಿಕ್ಕಿತು. ಕಲ್ಲುಪ್ಪು.

"ಶಿವಮೊಗ್ಗ ಪೇಟೆಯಲ್ಲಿ ಉಂಬಳ ಎಲ್ಲಿದೆಯೇ? ಯಾರಿಗೆ ಇದು?"

ಅವಳ ಕಿವಿ ಕೆಂಪಾಯಿತು. "ನಿನ್ನ ಹಾಗೆ ಕಾಗದದಲ್ಲಿ ಕಟ್ಟಿಲ್ಲ ಅಪ್ಪಾ. ಪ್ಲಾಸ್ಟಿಕ್ ಕವರಲ್ಲಿ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿದೀನಿ."