ನಡುರಾತ್ರಿಯ ಸಂಡಿಗೆ

ಡಿಗ್ರಿ ಕೊನೇ ವರ್ಷದಲ್ಲಿ ನಮಗೊಂದು ಪ್ರಾಜೆಕ್ಟ್ ಬಂತು. ಥ್ರಿಲ್ಲರ್ ಸಿನಿಮಾದ ಆರಂಭ ಮಾಡಿಕೊಂಡು ಬನ್ನಿ, ಎರಡೇ ನಿಮಿಷ ಅಂದರು ಮೇಷ್ಟ್ರು. ‘ಕೊನೆ ಬೇಡ್ವಾ ಸಾರ್?’ ಅಂತ ಕೇಳಿದೆವು. ‘ಬೇಡಪ್ಪ, ನೀವು ಶುರು ಮಾಡಿದರೆ ಅದೇ ದೊಡ್ಡದು’ ಅಂದರು. ಪಾಪ, ಮೂರು ವರ್ಷ ನಮ್ಮ ಅಸೈನ್‌ಮೆಂಟ್‌ಗಳನ್ನು ಓದಿದ್ದವರು.

ನಾವು ಐದು ಜನ. ನಾನು ಡೈರೆಕ್ಟರ್, ಯಾಕಂದರೆ ಬೈಕ್ ಇದ್ದದ್ದು ನನ್ನ ಹತ್ತಿರ. ಕ್ಯಾಮೆರಾಮನ್ ಬಿಡುವಿನಲ್ಲಿ ಮದುವೆ ಫೋಟೋ ಸ್ಟುಡಿಯೋ ಒಂದಕ್ಕೆ ಹೋಗುತ್ತಿದ್ದ. ಕ್ಯಾಮೆರಾನೂ ಅಲ್ಲಿಂದಲೇ ಬರಬೇಕು. ಮದುವೆ ಇದ್ದ ದಿನ ಕ್ಯಾಮೆರಾ ಇಲ್ಲ. ಹಾಗಾಗಿ ನಮ್ಮ ಶೂಟಿಂಗ್ ಪಂಚಾಂಗದ ಪ್ರಕಾರ ನಡೆಯಿತು. ಒಳ್ಳೇ ಮುಹೂರ್ತ ಎಲ್ಲ ಮದುವೆಯವರಿಗೆ, ಮಿಕ್ಕಿದ ರಾಹುಕಾಲ ಎಲ್ಲ ನಮಗೆ.

ವಿಲನ್ ನಮ್ಮ ತುಮಕೂರಿನಿಂದ 20 ಕಿಲೋಮೀಟರ್ ಆಚೆಯ ಗುಬ್ಬಿಯವನು. ‘ನಮ್ಮೂರಲ್ಲಿ 1884ರಲ್ಲೇ ನಾಟಕ ಕಂಪನಿ ಶುರುವಾಗಿದೆ ಕಣೋ, ನಟನೆ ನಮಗೆ ನೀರಲ್ಲೇ ಬಂದಿದೆ’ ಅಂತ ಅವನೇ ಹೇಳಿಕೊಂಡು ಪಾತ್ರ ತಗೊಂಡ. ಹೀರೋಯಿನ್ ಕ್ಲಾಸಿಗೇ ಫಸ್ಟ್. ಯಾವುದಕ್ಕಾದರೂ ಸರಿ, ನಗು ಬಂದುಬಿಡುತ್ತದೆ ಅನ್ನುವುದೊಂದೇ ಅವಳ ತೊಂದರೆ. ಐದನೆಯವನು ಸೌಂಡು, ಲೈಟು, ಲೆಕ್ಕಪತ್ರ ಎಲ್ಲ ನೋಡಿಕೊಳ್ಳುತ್ತಿದ್ದ. ಯಾರೂ ಒಪ್ಪದ್ದರಿಂದ ಹೆಣವೂ ಅವನೇ ಆದ.

ಕಥೆ ಇಷ್ಟೇ. ಖಾಲಿ ಸೈಟಿನಲ್ಲಿ ಒಂದು ಹೆಣ. ಕೊಂದವನು ಏನೂ ಆಗದವನ ಹಾಗೆ ಹೋಟೆಲಿನಲ್ಲಿ ಕೂತು ಇಡ್ಲಿ ತಿನ್ನುತ್ತಾನೆ. ನೋಡಿದ ಹುಡುಗಿ ಓಡುತ್ತಾಳೆ, ಇವನು ಅಟ್ಟಿಸಿಕೊಂಡು ಹೋಗುತ್ತಾನೆ. ಟೈಟಲ್. ಸೆಕೆಂಡಿಗೆ 24 ಫ್ರೇಮಿನ ಹಾಗೆ ಎರಡು ನಿಮಿಷಕ್ಕೆ 2,880 ಫ್ರೇಮು, 38 ಶಾಟು. ನಾನೇ ಕೂತು ಸ್ಟೋರಿಬೋರ್ಡ್, ಅಂದರೆ ಒಂದೊಂದು ಶಾಟಿನ ಚಿತ್ರ, ಬರೆದೆ. ಕೊಲೆಗಾರ, ಹುಡುಗಿ, ಲೈಟ್ ಕಂಬ ಮೂರೂ ಒಂದೇ ಥರ ಕಾಣುತ್ತಿದ್ದವು. ಆದರೆ ಲೆಕ್ಕ ಮಾತ್ರ ಸರಿಯಾಗಿತ್ತು. ಕೊನೆಯವರೆಗೂ ಸರಿಯಾಗಿದ್ದದ್ದು ಅದೊಂದೇ.

ಜಾಗ ನೋಡೋಕೆ ಅಂತ ಮೊದಲು ದೇವರಾಯನದುರ್ಗಕ್ಕೆ ಹೋದೆವು. ಮಂಜು, ಬಂಡೆ, ಕಾಡು, ಥ್ರಿಲ್ಲರ್‌ಗೆ ಇನ್ನೇನು ಬೇಕು? ಕಾಡಿನೊಳಗೆ ಶೂಟಿಂಗ್‌ಗೆ ಅರಣ್ಯ ಇಲಾಖೆಯ ಪರ್ಮಿಷನ್ ಬೇಕು ಅನ್ನುವುದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಬೇಜಾರಿನಲ್ಲಿ ಮೆಟ್ಟಿಲ ಮೇಲೆ ಕೂತಿದ್ದಾಗ ಒಂದು ಕೋತಿ ಬಂದು ಸ್ಟೋರಿಬೋರ್ಡ್ ಕಿತ್ತುಕೊಂಡಿತು. ನಮ್ಮ ಕಥೆಯ ಮೊದಲ ಓದುಗ ಅದೇ. ಎರಡು ಹಾಳೆ ತಿರುವಿ ನೋಡಿತು. ಮೂರನೆಯದನ್ನು ಹರಿದು ಬಾಯಿಗೆ ಹಾಕಿಕೊಂಡು, ಉಗಿದು, ಮರ ಹತ್ತಿತು. ಬರುವಾಗ ನಾಮದ ಚಿಲುಮೆಯಲ್ಲಿ ಬೈಕ್ ನಿಲ್ಲಿಸಿದೆವು. ಹಣೆಗೆ ನಾಮ ಇಟ್ಟುಕೊಳ್ಳೋಕೆ ನೀರಿಲ್ಲ ಅಂತ ರಾಮ ಬಂಡೆಗೆ ಬಾಣ ಬಿಟ್ಟು ನೀರು ತರಿಸಿದ ಜಾಗ ಅಂತಾರೆ ಅದು. ‘ಒಂದೇ ಶಾಟಲ್ಲಿ ಕೆಲಸ ಮುಗಿಸಿದ್ದಾನೆ ನೋಡು’ ಅಂದ ಕ್ಯಾಮೆರಾಮನ್, ಭಕ್ತಿಯಿಂದಲೇ.

ಸರಿ, ಊರೊಳಗೇ ಮಾಡೋಣ ಅಂತಾಯಿತು. ತೊಂದರೆ ಶುರುವಾದದ್ದು ಅಲ್ಲಿಂದಲೇ. ಥ್ರಿಲ್ಲರ್‌ಗೆ ಬೇಕಾದದ್ದು ಹೆಣವೂ ಅಲ್ಲ, ಚಾಕುವೂ ಅಲ್ಲ. ಯಾರಿಗೂ ಗೊತ್ತಿಲ್ಲದ ಒಬ್ಬ ಮನುಷ್ಯ ಬೇಕು. ನಮ್ಮ ತುಮಕೂರಿನಲ್ಲಿ ಅದೊಂದು ಬಿಟ್ಟು ಎಲ್ಲ ಸಿಗುತ್ತದೆ. ಯಾವುದೇ ಬೀದಿಯಲ್ಲಿ ಐದು ನಿಮಿಷ ಸುಮ್ನೆ ನಿಂತರೆ ಸಾಕು, ‘ಯಾರ ಮನೆ ಹುಡುಗ ನೀನು?’ ಅಂತ ಯಾರಾದರೂ ಬರುತ್ತಾರೆ. ಹತ್ತು ನಿಮಿಷ ನಿಂತರೆ ಕಾಫಿನೂ ಬರುತ್ತದೆ.

ಹೋಟೆಲ್ ಸೀನಿಗೆ ಕ್ಯಾತ್ಸಂದ್ರಕ್ಕೆ ಹೋದೆವು. ತಟ್ಟೆ ಇಡ್ಲಿಯ ಊರು. ವಿಲನ್ ಕಪ್ಪು ಜರ್ಕಿನ್ ಹಾಕಿಕೊಂಡು, ಟೋಪಿ ಮುಖದವರೆಗೂ ಎಳೆದುಕೊಂಡು ಮೂಲೆ ಟೇಬಲ್‌ನಲ್ಲಿ ಕೂತ. ಮಾರ್ಚ್ ತಿಂಗಳ ಬಿಸಿಲು. ‘ಆ್ಯಕ್ಷನ್’ ಅಂದೆ. ಹೋಟೆಲ್ ಯಜಮಾನರು ಸೀದಾ ಫ್ರೇಮಿನೊಳಗೆ ಬಂದು ಅವನ ಹಣೆ ಮುಟ್ಟಿ ನೋಡಿದರು. ‘ಏನಪ್ಪಾ, ಜ್ವರಾನಾ? ಇಡ್ಲಿಗೆ ಬೆಣ್ಣೆ ಬೇಡ ಹಾಗಾದ್ರೆ. ಶುಂಠಿ ಕಾಫಿ ಮಾಡಿಸ್ತೀನಿ ಇರು.’

ಇದು ಸಿನಿಮಾ, ಇವನು ಕೊಲೆಗಾರ ಅಂತ ವಿವರಿಸಿದೆವು. ಅವರು ತಲೆ ಆಡಿಸಿದರು. ಎರಡನೇ ಟೇಕ್‌ನಲ್ಲಿ ಮತ್ತೆ ಬಂದು, ‘ಕೊಲೆಗಾರ ಆದ್ರೇನಂತೆ, ಚಟ್ನಿ ಹಾಕಿಸ್ಕೋಬಾರ್ದಾ’ ಅಂತ ಒಂದು ಸೌಟು ಬಿಟ್ಟು ಹೋದರು.

ತಟ್ಟೆ ಇಡ್ಲಿ ಅಂದರೆ ಸಣ್ಣದಲ್ಲ, ತಟ್ಟೆಯಷ್ಟೇ ಅಗಲ. ವಿಲನ್ ಬೆಳಿಗ್ಗೆ ತಿಂಡಿ ಬಿಟ್ಟು ಬಂದಿದ್ದ. ಮೊದಲ ಮೂರು ಟೇಕ್ ಭಯಂಕರ ಖುಷಿಯಿಂದ ತಿಂದ. ಐದನೆಯದರಲ್ಲಿ ಕಣ್ಣು ತೇಲಿತು. ಏಳನೆಯದರಲ್ಲಿ ತುತ್ತು ಕೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡುತ್ತಾ ಕೂತ. ಅವನ ನಟನೆಯಲ್ಲಿ ನೋವು ಅಂತ ಕಂಡದ್ದು ಅದೇ ಮೊದಲು. ಒಟ್ಟು 9 ಇಡ್ಲಿ. ಎಡಿಟಿಂಗ್ ಟೇಬಲ್‌ಗೆ ಬಂದಾಗ ಇನ್ನೊಂದು ವಿಷಯ ಗೊತ್ತಾಯಿತು. ದೂರದ ಶಾಟ್‌ನಲ್ಲಿ ಅರ್ಧ ಇಡ್ಲಿ ಇದೆ, ಹತ್ತಿರದ ಶಾಟ್‌ನಲ್ಲಿ ಕಾಲು ಇದೆ, ಮತ್ತೆ ದೂರ ಹೋದರೆ ಪೂರ್ತಿ ಇದೆ. ತಿಂದಷ್ಟೂ ಬೆಳೆಯುವ ಇಡ್ಲಿ. ಯಜಮಾನರಿಗೆ ಹೇಳಿದರೆ ಬೋರ್ಡಿನ ಮೇಲೆ ಬರೆಸಿಕೊಳ್ಳುತ್ತಿದ್ದರು.

ಇನ್ನು ಹೆಣ. ಹಾಲಿವುಡ್ ಡೈರೆಕ್ಟರ್ ಹಿಚ್‌ಕಾಕ್ ತಮ್ಮ 1960ರ ಕಪ್ಪು ಬಿಳುಪು ಸಿನಿಮಾ ‘ಸೈಕೋ’ದಲ್ಲಿ ರಕ್ತದ ಬದಲು ಚಾಕೊಲೇಟ್ ಸಿರಪ್ ಬಳಸಿದ್ದರು ಅಂತ ಕ್ಲಾಸಿನಲ್ಲಿ ಕೇಳಿದ್ದೆವು. ನಮ್ಮದು ಕಲರ್, ಚಾಕೊಲೇಟ್ ನಡೆಯಲ್ಲ. ಅರ್ಧ ಕೆಜಿ ಬೆಲ್ಲದ ಪಾಕ ಮಾಡಿ, ಕೇಸರಿಬಾತಿಗೆ ಹಾಕುವ ಬಣ್ಣದ ಜೊತೆ ಕೆಂಪು ಬಣ್ಣ ಸೇರಿಸಿ, ಗಾಢ ಆಗಲಿ ಅಂತ ಸ್ವಲ್ಪ ಕಾಫಿ ಡಿಕಾಕ್ಷನ್ ಬಿಟ್ಟೆವು. ನೋಡಿದರೆ ಸಾಕ್ಷಾತ್ ರಕ್ತ. ಹೆಣ ಮಲಗಿತು. ಕುತ್ತಿಗೆಯಿಂದ ಎದೆಯವರೆಗೆ ಧಾರಾಳವಾಗಿ ಸುರಿದೆವು. ಕ್ಯಾಮೆರಾಮನ್ ಫೋಕಸ್ ಸರಿಮಾಡುತ್ತಿದ್ದ. ಖಾಲಿ ಸೈಟು, ಹುಲ್ಲು, ಬೇಸಿಗೆ, ಬೆಲ್ಲ. ಮುಂದೆ ಏನಾಗುತ್ತದೆ ಅಂತ ಐದು ಜನ ಪದವಿ ವಿದ್ಯಾರ್ಥಿಗಳಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮೊದಲು ಹೆಣದ ಕಾಲಿನ ಹೆಬ್ಬೆರಳು ಅಲ್ಲಾಡಿತು. ‘ಉಸಿರು ಬಿಡಬೇಡ್ವೋ’ ಅಂತ ನಾನು ಬೈದೆ. ಆಮೇಲೆ ಮೂಗು ಅಲ್ಲಾಡಿತು. ಆಮೇಲೆ ಹೆಣ ‘ಅಮ್ಮಾ’ ಅಂತ ಕಿರುಚಿ, ಎದ್ದು, ಅಂಗಿ ಬಿಚ್ಚಿ ಎಸೆದು, ಪಕ್ಕದ ಮನೆಯ ನಲ್ಲಿ ಕಡೆ ಓಡಿತು. ಕೆಂಪಿರುವೆ. ಅವನು ಅಲ್ಲಾಡದೆ ಮಲಗಿದ್ದದ್ದು ಒಟ್ಟು ಮೂರು ಸೆಕೆಂಡ್. ನಲ್ಲಿ ಮನೆಯವರು ಮೈಮೇಲಿನ ರಕ್ತ ನೋಡಿ ಹೆದರಬೇಕಿತ್ತು ತಾನೇ? ‘ಬೆಲ್ಲದ ಘಮ ಬರ್ತಿದೆ, ಒಬ್ಬಟ್ಟು ಮಾಡ್ತಿದೀರಾ?’ ಅಂದರು.

ರಾತ್ರಿ ಸೀನಿಗೆ ಲೈಟ್ ಬಾಡಿಗೆ ತರೋಕೆ ದುಡ್ಡಿರಲಿಲ್ಲ. ಹಗಲಲ್ಲೇ ತೆಗೆದು ರಾತ್ರಿ ಅಂತ ತೋರಿಸುವ ಹಳೇ ಉಪಾಯ ಒಂದಿದೆ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಅನ್ನು, ಅಂದರೆ ಬೆಳಕಿನ ಬಣ್ಣ ಸರಿಮಾಡುವ ಸೆಟ್ಟಿಂಗನ್ನು, ಬಲ್ಬಿನ ಬೆಳಕಿನ 3200 ಕೆಲ್ವಿನ್‌ಗೆ ಇಟ್ಟರೆ ಬಿಸಿಲೆಲ್ಲ ನೀಲಿಯಾಗಿ ಬರುತ್ತದೆ. ಎಕ್ಸ್‌ಪೋಷರ್ ಇಳಿಸಿದರೆ ಬೆಳದಿಂಗಳು. ಮಟ ಮಟ ಮಧ್ಯಾಹ್ನ ನಮ್ಮ ಮನೆ ತಾರಸಿ ಮೇಲೆ ತೆಗೆದೆವು. ಬೆಳದಿಂಗಳು ನಿಜವಾಗಲೂ ಚೆನ್ನಾಗಿ ಬಂತು. ಆ ಬೆಳದಿಂಗಳಲ್ಲಿ ಕೊಲೆಗಾರ ನಿಧಾನವಾಗಿ ತಿರುಗುತ್ತಾನೆ. ಅವನ ಹಿಂದೆ, ಪಕ್ಕದ ತಾರಸಿಯಲ್ಲಿ, ಹಳೇ ಪಂಚೆಯ ಮೇಲೆ ಸಾಲು ಸಾಲಾಗಿ ಸಂಡಿಗೆ ಒಣಗುತ್ತಿದೆ. ಕಾಗೆ ಬರದಿರಲಿ ಅಂತ ಒಬ್ಬರು ಕೊಡೆ ಹಿಡಿದು ಕಾವಲು ಕೂತಿದ್ದಾರೆ.

ಕೊನೆಗೆ ಓಡುವ ಸೀನು. ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಸಂದಿ. ಬೀದಿ ಕೊನೆಯ ಜಗಲಿ ಮೇಲೆ ಒಬ್ಬ ಅಜ್ಜಿ ಹುಣಸೆಹಣ್ಣು ರಾಶಿ ಹಾಕಿಕೊಂಡು ಕೊಡತಿಯಲ್ಲಿ ಕುಟ್ಟಿ ಬೀಜ ತೆಗೆಯುತ್ತಿದ್ದರು. ನಮ್ಮ ಕಡೆ ಬೇಸಿಗೆ ಬಂತು ಅಂದರೆ ಈ ಟಕ್ ಟಕ್ ಸದ್ದು ಇದ್ದೇ ಇರುತ್ತದೆ, ಹಾಗಾಗಿ ನಾವು ಅಷ್ಟಾಗಿ ಗಮನಿಸಲಿಲ್ಲ. ಅವರಿಗೆ ಹೇಳಿಯೂ ಇರಲಿಲ್ಲ. ಇಲ್ಲೇ ತಪ್ಪಿದ್ದು.

ಹೀರೋಯಿನ್ ಓಡಿದಳು. ‘ಸ್ವಲ್ಪ ಸ್ಮೈಲ್ ಮೇಡಂ’ ಅಂದ ಕ್ಯಾಮೆರಾಮನ್, ಮದುವೆ ಮನೆಯ ಅಭ್ಯಾಸ ಬಲದಿಂದ. ಅವಳಿಗೆ ಅಷ್ಟು ಸಾಕಾಯಿತು, ಕಿಸಕ್ ಅಂತ ನಗುತ್ತಲೇ ಓಡಿದಳು. ಕ್ಯಾಮೆರಾ ಹತ್ತಿರದಲ್ಲಿತ್ತು, ನಗು ನಮಗೆ ಕಂಡಿತು. ಅಜ್ಜಿಗೆ ಕಂಡದ್ದು ಅವಳ ಹಿಂದೆ ಚಾಕು ಹಿಡಿದು ಬರುತ್ತಿದ್ದ ಕರೀ ಜರ್ಕಿನ್ ಮಾತ್ರ.

ಟಕ್ ಟಕ್ ಸದ್ದು ನಿಂತಿತು.

‘ಯಾಕ್ಲಾ, ಆ ಮಗೀನ ಅಟ್ಟಿಸ್ಕೊಂಡು ಬತ್ತೀಯ?’ ಅಂತ ಒಂದು ಕೂಗು. ಕೊಡತಿ ಸಮೇತ ಅಜ್ಜಿ ಜಗಲಿ ಇಳಿದರು. ಅವರ ಮೊಣಕೈವರೆಗೂ ಹುಣಸೆಹಣ್ಣಿನ ಕಂದು ಬಣ್ಣ ಮೆತ್ತಿಕೊಂಡಿತ್ತು. ವಿಲನ್ ಚಾಕು ಬಿಸಾಡಿ ‘ಅಜ್ಜೀ, ಆ್ಯಕ್ಟಿಂಗು, ಆ್ಯಕ್ಟಿಂಗು!’ ಅಂದ. ‘ಏನು ಆಟಿಂಗೋ, ನಿನ್ ಆಟ ಬುಡುಸ್ತೀನಿ’ ಅಂತ ಬೆನ್ನಿಗೆ ಒಂದು ಬಿಟ್ಟರು. ಅವನು ತಿರುಗಿ ಓಡಿದ ಓಟ ಇದೆಯಲ್ಲ, ಗುಬ್ಬಿಯ ನೀರು ಆವತ್ತು ಕೆಲಸ ಮಾಡಿತು. ನಮ್ಮ ಕ್ಯಾಮೆರಾಮನ್ ಮದುವೆಯಲ್ಲಿ ಧಾರೆ ಎರೆಯುವಾಗ ಕ್ಯಾಮೆರಾ ಆಫ್ ಮಾಡಬಾರದು ಅಂತ ಕಲಿತವನು. ಎಲ್ಲವನ್ನೂ ತೆಗೆದ.

ಆ ರಾತ್ರಿ ಎಡಿಟಿಂಗ್‌ಗೆ ಕೂತೆವು. ಒಂದೊಂದಾಗಿ ನೋಡುತ್ತಾ ಹೋದ ಹಾಗೆ ಮಾತು ಕಮ್ಮಿಯಾಯಿತು. ಓಡುವವರ ನಡುವೆ ಕಾಣದ ಗೆರೆ ಒಂದನ್ನು ಎಳೆದುಕೊಂಡು ಕ್ಯಾಮೆರಾ ಅದರ ಒಂದೇ ಬದಿಯಲ್ಲಿ ಇರಬೇಕು ಅನ್ನುವುದು ಮೊದಲ ಪಾಠ. ನಮ್ಮ ಕ್ಯಾಮೆರಾಮನ್ ನಡುವೆ ನೆರಳಿಗೆ ಅಂತ ಬೀದಿಯ ಆ ಬದಿಗೆ ಹೋಗಿ ನಿಂತಿದ್ದ. ಹುಡುಗಿ ಎಡದಿಂದ ಬಲಕ್ಕೆ ಓಡುತ್ತಾಳೆ, ಕೊಲೆಗಾರ ಬಲದಿಂದ ಎಡಕ್ಕೆ. ಅವಳ ಮುಖದಲ್ಲಿ ನಗು ಬೇರೆ. ವರ್ಷಗಟ್ಟಲೆ ಅಗಲಿದ್ದ ಪ್ರೇಮಿಗಳು ತಬ್ಬಿಕೊಳ್ಳೋಕೆ ಓಡಿ ಬರುತ್ತಿರುವ ಹಾಗಿತ್ತು. ಅವಳು ಕಿರುಚಲು ಬಾಯಿ ತೆರೆದರೆ, ಬಸ್ ಸ್ಟ್ಯಾಂಡ್ ಕಡೆಯಿಂದ ಕಂಡಕ್ಟರ್ ಧ್ವನಿ: ‘ಸಿರಾ ಸಿರಾ ಸಿರಾ, ಹಿರಿಯೂರು, ಚಿತ್ರದುರ್ಗಾ...’

ಎಲ್ಲದರಲ್ಲೂ ಭಯ ಅಂತ ಇದ್ದದ್ದು ಒಂದೇ ಶಾಟ್‌ನಲ್ಲಿ. ಅಜ್ಜಿಯನ್ನು ನೋಡಿದ ವಿಲನ್‌ನ ಮುಖ.

ಆಗ ಹೆಣ, ಅಂದರೆ ಸೌಂಡ್ ಹುಡುಗ, ಇರುವೆ ಕಚ್ಚಿದ ಕುತ್ತಿಗೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾ, ‘ಕುಲೆಶೋವ್’ ಅಂದ. ಪರೀಕ್ಷೆಗೆ ಓದಿದ್ದು ಜೀವನದಲ್ಲಿ ಉಪಯೋಗಕ್ಕೆ ಬಂದದ್ದು ನಾನು ನೋಡಿದ್ದು ಅದೊಂದೇ ಸಲ. ಸುಮಾರು ನೂರು ವರ್ಷದ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೋವ್ ಅನ್ನುವ ಸಿನಿಮಾ ಡೈರೆಕ್ಟರ್ ಒಬ್ಬ ನಟನ ಒಂದೇ ಮುಖವನ್ನು ಒಮ್ಮೆ ಸೂಪಿನ ತಟ್ಟೆಯ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ ಜೋಡಿಸಿ ತೋರಿಸಿದ. ಮುಖ ಅದೇ. ನೋಡಿದವರಿಗೆ ಮಾತ್ರ ಒಮ್ಮೆ ಹಸಿವು ಕಂಡಿತು, ಒಮ್ಮೆ ದುಃಖ ಕಂಡಿತು.

ನಾವೂ ಜೋಡಿಸಿದೆವು. ಹೆಣ, ಮೂರು ಸೆಕೆಂಡ್. ಏಳನೇ ಇಡ್ಲಿ ನೋಡುತ್ತಾ ಕೂತ ಹುಡುಗನ ಸಂಕಟದ ಮುಖ. ಹೀರೋಯಿನ್‌ನ ನಗು. ಅವನ ಭಯ. ಮತ್ತೆ ಅವಳ ನಗು. ನಾಲ್ಕು ಸಲ ತಿರುಗಾ ಮುರುಗಾ ನೋಡಿದೆವು. ಕೊಂದವಳು ಅವಳು! ಇವನು ಪಾಪ ನೋಡಿದವನು, ಅದಕ್ಕೇ ಇಡ್ಲಿ ಇಳಿಯುತ್ತಿಲ್ಲ. ಓಡುವ ದಿಕ್ಕು ಸರಿಹೋಗಲಿ ಅಂತ ಅವನ ಶಾಟನ್ನು ಕನ್ನಡಿಯ ಹಾಗೆ ತಿರುಗಿಸಿದೆವು. ಮೊದಲು ಅವನು ಓಡಿ ಹೋಗುತ್ತಾನೆ, ಹಿಂದೆ ಅವಳು ನಗುತ್ತಾ ಬರುತ್ತಾಳೆ. ಹಿನ್ನೆಲೆಯಲ್ಲಿ ಜೆರಾಕ್ಸ್ ಅಂಗಡಿಯ ಬೋರ್ಡ್ ಉಲ್ಟಾ ಆಯಿತು. ಭಯದಲ್ಲಿ ಓಡುವಾಗ ಬೋರ್ಡ್ ಯಾರು ಓದುತ್ತಾರೆ ಬಿಡಿ.

ಕ್ಲಾಸಿನಲ್ಲಿ ತೋರಿಸಿದ ದಿನ ಯಾರೂ ನಗಲಿಲ್ಲ, ಸಂಡಿಗೆ ಬರುವವರೆಗೆ. ಅದನ್ನು ಕತ್ತರಿಸೋಣ ಅಂತ ನಾನು ಹೇಳಿದ್ದೆ. ಬೆಳದಿಂಗಳು ಚೆನ್ನಾಗಿ ಬಂದಿದೆ ಅಂತ ಕ್ಯಾಮೆರಾಮನ್ ಬಿಡಲಿಲ್ಲ. ಮೇಷ್ಟ್ರು 25ಕ್ಕೆ 19 ಕೊಟ್ಟರು. ‘ಆ ಹುಡುಗಿಯ ನಗು ನೋಡಿ ಮೈ ಜುಂ ಅಂತು. ಹೇಗೆ ಮಾಡಿಸಿದ್ರಿ?’ ಅಂತ ಕೇಳಿದರು. ‘ತುಂಬಾ ರಿಹರ್ಸಲ್ ಸಾರ್’ ಅಂದೆ.

ಟೈಟಲ್ ಕಾರ್ಡಿನಲ್ಲಿ ‘ಸಾಹಸ: ಬೀದಿ ಕೊನೆ ಮನೆ ಅಜ್ಜಿ’ ಅಂತ ಹಾಕಿದ್ದೆವು. ತೋರಿಸಿ ಬರೋಣ ಅಂತ ಮುಂದಿನ ಭಾನುವಾರ ಐದೂ ಜನ ಹೋದೆವು. ವಿಲನ್ ಗೇಟಿನ ಆಚೆಯೇ ನಿಂತ. ಅಜ್ಜಿ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಎರಡು ನಿಮಿಷ ನೋಡಿದರು. ಸಿನಿಮಾ ಬಗ್ಗೆ ಏನೂ ಹೇಳಲಿಲ್ಲ. ಗೇಟಿನ ಕಡೆ ನೋಡಿ, ‘ಅವ್ನು ಯಾರ ಮಗ?’ ಅಂದರು.

‘ಗುಬ್ಬಿ ಕಡೆಯವನು ಅಜ್ಜಿ.’

‘ಗುಬ್ಬೀಲಿ ಯಾರ ಮನೆ?’

ಅವನು ಗೇಟಿನ ಆಚೆಯಿಂದಲೇ ಹೇಳಿದ. ತಾತನ ಹೆಸರು, ತೋಟ ಇರುವ ಜಾಗ, ಅಮ್ಮನ ತವರೂರು. ಅಜ್ಜಿ ಬೆರಳು ಮಡಚಿ ಲೆಕ್ಕ ಹಾಕುತ್ತಾ ಹೋದರು. ಮೂರನೇ ಬೆರಳಿಗೆ ಸಿಕ್ಕಿತು. ಅವನ ಅಜ್ಜಿಯ ನಾದಿನಿಯನ್ನು ಕೊಟ್ಟ ಮನೆ ಇವರ ತವರಿನ ಪಕ್ಕದ್ದೇ. ‘ಅಯ್ಯೋ, ನಮ್ಮ ಹುಡ್ಗನೇ ಕಣ್ಲಾ ನೀನು!’ ಅಂತ ಒಳಗೆ ಕರೆದು, ಕಾಫಿ ಕೊಟ್ಟು, ಎರಡು ಕೆಜಿ ಹುಣಸೆಹಣ್ಣನ್ನು ಪೇಪರಿನಲ್ಲಿ ಕಟ್ಟಿ ಅವನ ಕೈಗಿಟ್ಟರು.

‘ನಿಮ್ಮವ್ವಂಗೆ ಕೊಡು. ಹೊಡೆದದ್ದು ಹೇಳ್ಬ್ಯಾಡ.’