ಜೂನ್ 1ರ ಜೀನ್

ಇಂಡಿ ತಾಲ್ಲೂಕಿನ ನಮ್ಮ ಸೋದರಮಾವನ ಎಡಗೆನ್ನೆಯ ಗಡ್ಡೆಯಿಂದ ಕಡಲೆಕಾಳಿನಷ್ಟು ಚೂರನ್ನು ತೆಗೆದು ಜಿನೋಮ್ ಸಂಶೋಧನೆಗೆ ಕಳುಹಿಸಿದರು. ಮನುಷ್ಯನ ಜಿನೋಮ್, ಅಂದರೆ ಜೀವಕೋಶದೊಳಗಿನ ಡಿಎನ್‌ಎ ಬರಹ ಪೂರ್ತಿ, ಸುಮಾರು 300 ಕೋಟಿ ಅಕ್ಷರ. ಯಂತ್ರ ಅವನ್ನು ಒಮ್ಮೆ ಓದಿ ಸುಮ್ಮನಾಗುವುದಿಲ್ಲ. ಹತ್ತಾರು ಬಾರಿ ಓದಿ ಖಾತ್ರಿ ಮಾಡಿಕೊಳ್ಳುತ್ತದೆ. ಚೂರಿನ ಜೊತೆ ಹೋದ ಒಂದು ಪುಟದ ಅರ್ಜಿಯನ್ನು ಮಾತ್ರ ಯಾರೂ ಒಮ್ಮೆಯೂ ಓದಿದಂತಿಲ್ಲ.

ಅದು ತುಂಬಿದ್ದು ವಿಜಯಪುರದ ಒಂದು ಆಸ್ಪತ್ರೆಯ ಪಡಸಾಲೆಯಲ್ಲಿ, ನನ್ನ ಕಣ್ಣೆದುರಿಗೇ. ಅರ್ಜಿ ತುಂಬುವ ಹುಡುಗನ ಮುಂದೆ ನಲವತ್ತು ಜನರ ಸಾಲು. ತಲೆ ಎತ್ತದೆ ಕೇಳಿದ: "ಅಜ್ಜಾ, ಸಿಗರೇಟು ಸೇದುತ್ತೀರೇನು?"

ಗಡ್ಡೆ ಎದ್ದ ಮೇಲೆ ಬಲಗೆನ್ನೆಗೆ ವರ್ಗವಾಗಿದ್ದ ತಂಬಾಕನ್ನು ಮಾವ ನಾಲಿಗೆಯಿಂದ ಒತ್ತಿ ಹಿಡಿದು, "ಛೇ, ನಮ್ಮ ಮನೆತನದಲ್ಲೇ ಸೇದುವ ಚಟ ಇಲ್ಲ" ಎಂದರು. ಹುಡುಗ 'ತಂಬಾಕು: ಇಲ್ಲ' ಎಂದು ಗುರುತು ಹಾಕಿದ. ಮಾವನ ಅಂಗಿಯ ಜೇಬಿನಲ್ಲಿದ್ದ ಸುಣ್ಣದ ಡಬ್ಬಿಯನ್ನು ಯಾರೂ ಏನೂ ಕೇಳಲಿಲ್ಲ.

ಹುಟ್ಟಿದ ದಿನ, ಜೂನ್ 1. ನಮ್ಮ ಕಡೆಯ ಮಾಸ್ತರರು ಶಾಲೆಯ ದಾಖಲೆಯಲ್ಲಿ ಊರಿಗೆ ಊರನ್ನೇ ಆ ಒಂದು ದಿನ ಹೆರಿಸಿದ್ದಾರೆ. ನಾಳೆ ಯಾರಾದರೂ ಜೂನ್ 1ಕ್ಕೂ ಬಾಯಿಯ ಕ್ಯಾನ್ಸರಿಗೂ ನಂಟು ಹಾಕುವ ಜೀನನ್ನು ಪತ್ತೆ ಹಚ್ಚಿದರೆ ನನಗೇನೂ ಆಶ್ಚರ್ಯವಾಗದು. ಇನ್ನು ರೋಗದ ಹಂತ: ಒಂದು ಚೀಟಿಯಲ್ಲಿ ಮೂರು, ಇನ್ನೊಂದರಲ್ಲಿ ನಾಲ್ಕು ಎಂದಿತ್ತು. ಯಾವ ವೈದ್ಯರಿಗೂ ಬೇಸರವಾಗದಿರಲಿ ಎಂದು ಹುಡುಗ ಖಾಲಿ ಬಿಟ್ಟ.

ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಬಾರಿ ಮರುದನಿ. ಮಾವನ 'ಇಲ್ಲ' ಕೂಡ ಹಾಗೆಯೇ ಅರ್ಜಿಯಿಂದ ಕಂಪ್ಯೂಟರಿಗೆ, ಅಲ್ಲಿಂದ ದತ್ತಾಂಶದ ಕಣಜಕ್ಕೆ, ಕಣಜದಿಂದ ಪ್ರಬಂಧಕ್ಕೆ ಹೊರಟಿತು. ಗುಮ್ಮಟದ ದನಿ ಹೋಗುತ್ತಾ ಹೋಗುತ್ತಾ ಸಣ್ಣದಾಗುತ್ತದೆ, ಇದು ದೊಡ್ಡದಾಗುತ್ತದೆ.

ಹಾಗೆಂದು ನಮ್ಮ ಹುಡುಗನೊಬ್ಬನನ್ನೇ ಬೈಯಬೇಡಿ. ಮಾರ್ಚ್ 1, ಸೆಪ್ಟ್ 2 ಎಂಬ ಹೆಸರಿನ ಜೀನ್‌ಗಳಿದ್ದವು. ಎಕ್ಸೆಲ್‌ನಲ್ಲಿ ಬರೆದ ಕೂಡಲೇ ಅವು ತಾರೀಖುಗಳಾಗಿಬಿಡುತ್ತಿದ್ದವು; ಪ್ರಕಟವಾದ ಪ್ರಬಂಧಗಳಲ್ಲೂ ಹಾಗೆಯೇ ಉಳಿದವು. ಕಡೆಗೆ ಜೀನ್‌ಗಳಿಗೆ ನಾಮಕರಣ ಮಾಡುವ ಅಂತರರಾಷ್ಟ್ರೀಯ ಸಮಿತಿ ಜೀನ್‌ಗಳ ಹೆಸರನ್ನೇ ಬದಲಿಸಿ, 2020ರಲ್ಲಿ ಹೊಸ ನಿಯಮ ಹೊರಡಿಸಿತು. ಪಡಿತರ ಚೀಟಿಯಲ್ಲಿ 'ಶಾಂತವ್ವ' ಹೋಗಿ 'ಕಾಂತವ್ವ' ಆದಾಗ, ತಿದ್ದಿಸಲು ಅಲೆಯುವುದಕ್ಕಿಂತ ಕಾಂತವ್ವನಾಗಿಯೇ ಬಾಳುವುದು ಮೇಲು ಎಂದು ನಮ್ಮ ಅತ್ತೆ ಎಂದೋ ತೀರ್ಮಾನಿಸಿದ್ದರು.

ಅಮೆರಿಕದ ಕ್ಯಾನ್ಸರ್ ಜಿನೋಮ್ ಅಟ್ಲಾಸ್ ಎಂಬ ಸಂಶೋಧನಾ ಯೋಜನೆ 33 ಬಗೆಯ ಕ್ಯಾನ್ಸರಿನ, 11 ಸಾವಿರಕ್ಕೂ ಹೆಚ್ಚು ರೋಗಿಗಳ ಗಡ್ಡೆಗಳನ್ನು ಜಾಲಾಡಿತು. ಅದರ ರೋಗಿಗಳ ದಾಖಲೆಗಳನ್ನು 2018ರಲ್ಲಿ ಹಸನು ಮಾಡಲು ಕುಳಿತವರು, ಕೆಲವು ಬಗೆಗಳಲ್ಲಿ ರೋಗಿಗಳ ಮುಂದಿನ ಸುದ್ದಿ ವಿಚಾರಿಸಿದ ಅವಧಿ ತೀರ ಕಡಿಮೆ, ಯಾರು ಎಷ್ಟು ಕಾಲ ಬದುಕಿದರು ಎಂಬ ಲೆಕ್ಕಕ್ಕೆ ಇದು ಸಾಲದು ಎಂದು ಎಚ್ಚರಿಸಬೇಕಾಯಿತು.

ನಮ್ಮಲ್ಲಿ ಆ ಕೊರತೆ ಇಲ್ಲ. ಮಾವ ತೀರಿಕೊಂಡ ಆರು ತಿಂಗಳಿಗೆ ಹುಡುಗ ಮರೆಯದೆ ಫೋನ್ ಮಾಡಿದ. "ಅಜ್ಜ ಹೇಗಿದ್ದಾರಮ್ಮಾ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಆರಾಮಾಗಿದ್ದಾರಪ್ಪಾ, ಶಿವನ ಪಾದದಲ್ಲಿ."

'ಆರಾಮ' ಎಂಬಲ್ಲಿಗೇ ಆ ಕಡೆ ಕೀಲಿಮಣೆ ಟಕ್ಕೆಂದಿತು. ಮಾವ ಈಗಲೂ ಅಲ್ಲಿ ಬದುಕಿದ್ದಾರೆ, ತಂಬಾಕಿನ ಚಟವಿಲ್ಲದೆ. ಬರುವ ಜೂನ್ 1ಕ್ಕೆ ಅವರಿಗೆ 68 ತುಂಬುತ್ತದೆ.